ತೂತಿನ ತಗಡಿನ ಕೆಳಗೆ

ಅಕ್ಕನನ್ನು ಮಣ್ಣು ಮಾಡಿ ಬಂದ ಮೇಲೂ ಮಾತಾಡಿಸಲು ಬರುವವರು ನಿಂತಿರಲಿಲ್ಲ. ಚನ್ನಗಿರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿಯೇ ಇರುತ್ತಿತ್ತು. ಅಂಥ ಒಂದು ಬೆಳಿಗ್ಗೆ ಜಗಳೂರಿನಿಂದ ಫೋನ್ ಬಂತು. ಅಲ್ಲಿಯ ಮೆಕ್ಕೆಜೋಳದ ಡ್ರೈಯರ್ ನೋಡಿಕೊಳ್ಳುವ ಹೆಂಗಸು ಮಾಡಿದ್ದರು.

"ತಮ್ಮಾ, ಇಂಥ ಹೊತ್ನಲ್ಲಿ ಫೋನ್ ಮಾಡಬಾರ್ದು, ಗೊತ್ತೈತೆ. ಹೇಳ್ದೆ ಇರಾಕೂ ಆಗ್ಲಿಲ್ಲ. ಮಿಷನ್ ನಿಲ್ಸಿದ ಮೇಲೂ ಕೆಳಗಿಂದ ಬಿಸಿ ಬರ್ತೈತೆ."

"ತಗಡು ಕಾದಿರುತ್ತಲ್ಲ ಅಮ್ಮಾ, ಆರಾಕೆ ಸ್ವಲ್ಪ ಹೊತ್ತು ಬೇಕು."

"ಆರೋ ಬಿಸಿ ಬೇರೆ, ಏರೋ ಬಿಸಿ ಬೇರೆ. ಇದು ಏರೋ ಬಿಸಿ. ನಮ್ಮ ಹುಡುಗಿ ಒಬ್ಬಳು ಒಳಗೆ ಇಳ್ದಿದ್ಲು, ಕುಣ್ಕೊಂತ ಆಚೆ ಬಂದ್ಲು. ಅಂಗಾಲು ಕೆಂಪಗಾಗೈತೆ, ಬೊಬ್ಬೆ ಎದ್ದಿಲ್ಲ. ನಗ್ತಾ ಐದಾಳೆ, ಬಿಡು. ನೀನು ಒಂದ್ಸಲ ಬಂದು ನೋಡು."

ಫೋನ್ ಇಟ್ಟೆ. ಚಾಪೆಯ ಮೇಲೆ ಕೂತಿದ್ದ ಯಾರೋ ಅಕ್ಕನ ಬಗ್ಗೆ ಒಳ್ಳೆಯ ಮಾತು ಹೇಳುತ್ತಿದ್ದರು. ಅದು ನನ್ನ ಕಿವಿಗೆ ಬೀಳಲಿಲ್ಲ.

ಆ ಡ್ರೈಯರ್ ಎಂದರೆ ಏನು ಎಂದು ಹೇಳಬೇಕು. ಒಂದು ದೊಡ್ಡ ಕಬ್ಬಿಣದ ತೊಟ್ಟಿ. ಅದರ ನಡುವೆ ಅಡ್ಡಕ್ಕೆ ತೂತಿನ ತಗಡು ಹಾಸಿರುತ್ತದೆ. ತಗಡಿನ ಮೇಲೆ ಹಸಿ ಜೋಳ ಸುರಿಯುತ್ತಾರೆ. ಕೆಳಗೆ ಒಂದು ಬರ್ನರ್ ಉರಿಯುತ್ತದೆ, ಫ್ಯಾನು ಆ ಬಿಸಿಗಾಳಿಯನ್ನು ತೂತುಗಳಿಂದ ಮೇಲಕ್ಕೆ ನೂಕುತ್ತದೆ. ಆಗಾಗ ಯಂತ್ರ ನಿಲ್ಲಿಸಿ ಜೋಳ ತಿರುವಿ ಹಾಕಬೇಕು. ಇಂಥದೇ ಡ್ರೈಯರ್ ಇರುವ ಹೊನ್ನಾಳಿ, ನ್ಯಾಮತಿಯವರು ಉದ್ದನೆಯ ಕೋಲಿಗೆ ಹಲಗೆ ಬಡಿದುಕೊಂಡು ಹೊರಗೇ ನಿಂತು ಎಳೆಯುತ್ತಾರೆ. ಜಗಳೂರಿನ ಹೆಂಗಸರು ಹಾಗಲ್ಲ. ಅಂಗಳದಲ್ಲಿ, ರಸ್ತೆಯ ಅಂಚಿನಲ್ಲಿ ಜೋಳ ಒಣಹಾಕಿದಾಗ ಕಾಲು ಎಳೆದುಕೊಂಡು ಸಾಲು ಬಿಡುತ್ತ ನಡೆಯುವುದು ಅವರಿಗೆ ಮೊದಲಿಂದಲೂ ರೂಢಿ. ಡ್ರೈಯರ್ ಬಂದ ಮೇಲೂ ಅದನ್ನು ಬಿಡಲಿಲ್ಲ. ಫ್ಯಾನಿನ ಸದ್ದು ನಿಂತರೆ ಸಾಕು, ಸೀರೆ ಮೇಲಕ್ಕೆ ಸಿಕ್ಕಿಸಿ ಬರಿಗಾಲಲ್ಲಿ ತೊಟ್ಟಿಗೆ ಇಳಿದುಬಿಡುತ್ತಾರೆ. ಜೋಳ ಎಷ್ಟು ಒಣಗಿತು ಎಂಬುದನ್ನು ಪಾದದಲ್ಲೇ ನೋಡುತ್ತಾರೆ.

ಅಕ್ಕನಿಗೆ ಇದು ಗೊತ್ತಿತ್ತು. ಮೊದಲ ಸಲ ಯಂತ್ರ ಕೂರಿಸಿದಾಗ ಅವಳೂ ಚಪ್ಪಲಿ ಬಿಟ್ಟು ಅವರ ಜೊತೆ ಇಳಿದಿದ್ದಳು. ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಹೊರಗೆ ನಿಂತಿದ್ದೆ.

ತೊಟ್ಟಿ, ಬರ್ನರ್, ಫ್ಯಾನು ಎಲ್ಲ ಮಾಡುವವರು ಹೊನ್ನಾಳಿಯ ಒಬ್ಬ ವೆಲ್ಡಿಂಗ್ ಶಾಪಿನ ಯಜಮಾನರು. ಅದನ್ನು ನಡೆಸುವ ಪೆಟ್ಟಿಗೆ ನಮ್ಮದು. ಬೂಟಿನ ಪೆಟ್ಟಿಗೆಯಷ್ಟು ದೊಡ್ಡದು, ಒಳಗೆ ಒಂದು ಚಿಕ್ಕ ಕಂಪ್ಯೂಟರ್, ಹೊರಗೆ ಮುಟ್ಟುವ ಪರದೆ. ಅದರ ಪ್ರೋಗ್ರಾಮನ್ನು ನಾವಿಬ್ಬರೂ ಅರ್ಧರ್ಧ ಬರೆದಿದ್ದೆವು, ಎರಡು ಬೇರೆ ಬೇರೆ ಭಾಷೆಗಳಲ್ಲಿ. ಅಕ್ಕ ಡಿಪ್ಲೊಮಾದಲ್ಲಿ ಸಿ ಪ್ಲಸ್ ಪ್ಲಸ್ ಕಲಿತಿದ್ದಳು. ಫ್ಯಾನು, ಬರ್ನರ್, ಬಿಸಿ ಅಳೆಯುವ ಸೆನ್ಸರ್ ಇವುಗಳನ್ನು ನಡೆಸುವ ಭಾಗ ಅವಳದು. ನಾನು ಪಿಯುಸಿ ಮುಗಿಸಿ, ಅವಳು ಪಾಠ ಹೇಳುತ್ತಿದ್ದ ಕಂಪ್ಯೂಟರ್ ಸೆಂಟರಿನಲ್ಲೇ ಕೂತು ಪೈಥಾನ್ ಕಲಿತವನು. ಪರದೆ, ಗುಂಡಿಗಳು, ಟೈಮರ್ ನನ್ನ ಭಾಗ. ನಡುವೆ ಒಂದು ಸೇತುವೆ ಇತ್ತು. ಅವಳ ಭಾಷೆಯಲ್ಲಿದ್ದದ್ದನ್ನು ನನ್ನ ಭಾಷೆಗೆ ಕಾಣಿಸುವಂತೆ ಮಾಡುವ ಒಂದಿಷ್ಟು ಸಾಲುಗಳು. ಅದನ್ನೂ ಅವಳೇ ಬರೆದಿದ್ದಳು. ನಮ್ಮ ಮಧ್ಯೆ ಒಪ್ಪಂದ ಸರಳವಾಗಿತ್ತು. "ನನ್ನ ಕಡೆ ನೀನು ಕೈ ಹಾಕಬ್ಯಾಡ, ನಿನ್ನ ಕಡೆ ನಾನು ಇಣುಕಲ್ಲ" ಎನ್ನುತ್ತಿದ್ದಳು. ಏನಾದರೂ ತಪ್ಪಾದರೆ ಒಬ್ಬರು ಪಡಸಾಲೆಯಿಂದ, ಇನ್ನೊಬ್ಬರು ಒಳಕೋಣೆಯಿಂದ ಕೂಗಾಡಿ ಸರಿ ಮಾಡಿಕೊಳ್ಳುತ್ತಿದ್ದೆವು.

ಈಗ ಕೂಗಿದರೆ ಉತ್ತರ ಕೊಡುವವರು ಯಾರು?

ಮರುದಿನ ಅವ್ವನಿಗೆ ಹೇಳಿ ಬಸ್ಸು ಹತ್ತಿದೆ. ಸಂತೇಬೆನ್ನೂರು ದಾಟಿ ದಾವಣಗೆರೆ, ಅಲ್ಲಿಂದ ಜಗಳೂರು. ದಾರಿಯುದ್ದಕ್ಕೂ ಆ ಹುಡುಗಿಯ ಅಂಗಾಲೇ ಕಣ್ಣ ಮುಂದೆ ಇತ್ತು. ಫ್ಯಾನು ನಿಂತು ಬರ್ನರ್ ಮಾತ್ರ ಉರಿದರೆ ಆ ಬಿಸಿ ಎಲ್ಲಿಗೂ ಹೋಗುವುದಿಲ್ಲ, ತಗಡಿಗೇ ಹತ್ತುತ್ತದೆ. ಮೇಲಿನ ಜೋಳ ತಣ್ಣಗೇ ಕಾಣುತ್ತದೆ. ಕಾಲು ಕೆಳಗೆ ಹೂತು ತಗಡಿಗೆ ತಾಗಿದಾಗಲೇ ತಿಳಿಯುವುದು.

ಶೆಡ್ಡಿನಲ್ಲಿ ಜೋಳದ ರಾಶಿ ಸೂರಿನ ತನಕ ಇತ್ತು. ಆಕಾಶ ಮೋಡ ಕಟ್ಟಿತ್ತು, ಟ್ರ್ಯಾಕ್ಟರುಗಳು ಹೊರಗೆ ಸಾಲಾಗಿ ನಿಂತಿದ್ದವು. ಫೋನ್ ಮಾಡಿದ್ದ ಹೆಂಗಸು ನನ್ನನ್ನು ಕಂಡು ಮೊದಲು ಅಕ್ಕನ ವಿಷಯಕ್ಕೆ ಕಣ್ಣೊರೆಸಿಕೊಂಡರು. ಆಮೇಲೆ ಸೆರಗು ಬಿಗಿದು, "ಬಾ, ತೋರಿಸ್ತೀನಿ" ಎಂದರು.

ನಾನು ಪರದೆಯ ಮೇಲೆ 'ನಿಲ್ಲಿಸು' ಒತ್ತಿದೆ. ಫ್ಯಾನು ಗುಂಯ್ಗುಡುತ್ತ ನಿಂತಿತು. ಬಗ್ಗಿ ಬರ್ನರಿನ ಕಿಂಡಿಯಲ್ಲಿ ನೋಡಿದೆ. ಒಳಗೆ ಕತ್ತಲು. ಬೆಂಕಿ ಇರಲಿಲ್ಲ.

"ಆರೈತಲ್ಲಮ್ಮಾ."

"ನಿನ್ನ ನೋಡಿ ಹೆದರ್ಕಂಡೈತೆ" ಎಂದರು ಅವರು. ಸುತ್ತ ನಿಂತವರು ನಕ್ಕರು. ಅಂಗಾಲು ಕೆಂಪಾದ ಹುಡುಗಿಯೂ ನಕ್ಕಳು. "ಅಣ್ಣ ದಿನಾ ಇಲ್ಲೇ ನಿಂತ್ಕಂಡ್ರೆ ಮಿಷನ್ ಸರಿ ಇರ್ತೈತೆ ಬಿಡ್ರಿ."

ಮತ್ತೆ ಓಡಿಸಿದೆ, ಬಿಸಿಯಾಗಲು ಬಿಟ್ಟು ಮತ್ತೆ ನಿಲ್ಲಿಸಿದೆ. ಬೆಂಕಿ ಆರಿಯೇ ಇತ್ತು. ಇನ್ನೊಂದು ಸಲ. ಆಗಲೂ ಆರಿತ್ತು. ಹೊರಗೆ ಟ್ರ್ಯಾಕ್ಟರಿನವರು ಹಾರ್ನ್ ಹೊಡೆಯತೊಡಗಿದರು. ತಪ್ಪು ಕಣ್ಣಿಗೆ ಬಿದ್ದರೆ ಒಂದು ಸಮಾಧಾನ. ಕಾಣದ ತಪ್ಪನ್ನು ಆ ಹೆಂಗಸರ ಕಾಲ ಕೆಳಗೇ ಬಿಟ್ಟು ಬರಬೇಕಾಯಿತು.

"ನಿಲ್ಲಿಸಿದ ಮೇಲೆ ಮೇನ್ ಕೂಡ ಇಳಿಸಿ ಆಮೇಲೆ ಒಳಗೆ ಹೋಗಿ ಅಮ್ಮಾ, ನಾನು ಸರಿ ಮಾಡೋ ತನಕ."

"ಮೇನ್ ಇಳಿಸಿದ್ರೆ ತೆನೆ ಬಿಡಿಸೋ ಮಿಷನ್ನೂ ನಿಲ್ತೈತೆ, ಲೈಟೂ ಹೋಗ್ತೈತೆ. ಆಚೆ ನಿಂತಿರೋರು ನಮ್ಮನ್ನ ಬಿಡ್ತಾರಾ?" ಎಂದರು. ನನ್ನ ಮುಖ ನೋಡಿ, "ಆಯ್ತಪಾ, ಇಳಿಸ್ತೀವಿ. ಮತ್ತೆ ಒಂದು ಮಾತು. ನನ್ನ ಯಾಕೆ ಅಮ್ಮಾ ಅಂತೀಯ? ನಾನೇನು ಅಷ್ಟು ಮುದುಕೀನಾ? ಇಲ್ಲಿ ಎಲ್ಲಾರೂ ಅಕ್ಕ ಅಂತಾರೆ" ಎಂದರು.

ನಾನು ಹೂಂ ಎಂದೆ, ಅಷ್ಟೆ. ಆ ಶಬ್ದ ನನ್ನ ಬಾಯಲ್ಲಿ ಆಗ ಬರುವಂತಿರಲಿಲ್ಲ.

ವಾಪಸು ಬರುವಾಗ ಹೊನ್ನಾಳಿಯ ಯಜಮಾನರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವರು ಹುಡುಗರನ್ನು ಕಳಿಸಿ ಬರ್ನರಿನ ಲೈನಿಗೆ ಒಂದು ಕೈಸ್ವಿಚ್ ಹಾಕಿಸಿದರು. ಆದರೆ ವೈರು ಹೋಗುವುದು ಡೀಸೆಲ್ ಟ್ಯಾಂಕಿನ ಹಿಂದೆ, ಹಾಗಾಗಿ ಸ್ವಿಚ್ಚೂ ಅಲ್ಲೇ ಬಂತು. ಪ್ರತಿ ಸಲ ತೊಟ್ಟಿ ಸುತ್ತಿ ಹೋಗಿ ಒತ್ತಬೇಕು. ಮೊದಮೊದಲು ಒತ್ತಿದರು. ಆಮೇಲೆ ನಾನು ಫೋನ್ ಮಾಡಿ ಕೇಳಿದರೆ, "ಒಂದೊಂದ್ಸಲ ಮರೀತೈತೆ ತಮ್ಮಾ, ಸುಳ್ಳು ಹೇಳಲ್ಲ" ಎಂಬ ಉತ್ತರ ಬರುತ್ತಿತ್ತು. ನಾನು ದಿನಾ ಫೋನ್ ಮಾಡುತ್ತಿದ್ದೆ.

ಯಜಮಾನರು ನನ್ನನ್ನು ಹೊನ್ನಾಳಿಗೆ ಕರೆಸಿಕೊಂಡರು. ಶಾಪಿನ ಮುಂದೆ ಅರ್ಧ ಆದ ತೊಟ್ಟಿಯೊಂದು ಮಗುಚಿ ಬಿದ್ದಿತ್ತು. ಅದರ ಮೇಲೇ ಇಬ್ಬರೂ ಕೂತೆವು.

"ನೋಡು ತಮ್ಮ, ನಿಮ್ಮಕ್ಕ ಭಾಳ ಚೆನ್ನಾಗಿ ಮಾಡಿದ್ಲು, ಇಲ್ಲ ಅನ್ನಲ್ಲ. ಆದ್ರೆ ಅವಳು ಬರ್ದಿದ್ದು ಈಗ ಯಾರಿಗೆ ಗೊತ್ತಾಗ್ತೈತೆ? ರೆಡಿಮೇಡ್ ಪೆಟ್ಟಿಗೆ ಸಿಗ್ತಾವೆ. ಮೂರೂ ಕಡೆ ಅವನ್ನೇ ಹಾಕಿಬಿಡಾನ."

"ಸ್ವಲ್ಪ ದಿನ ಕೊಡ್ರಿ ಅಣ್ಣಾ. ಹುಡುಕ್ತೀನಿ."

"ನಾನು ಕೊಡ್ತೀನಿ. ಆ ಹೆಣ್ಮಕ್ಕಳ ಕಾಲು ಕೊಡ್ತೈತಾ?"

ಅವರು ಹೇಳಿದ್ದು ನಿಜವಾಗಿತ್ತು. ಮುಂದಿನ ವಾರದ ಕೊನೆಯವರೆಗೆ ನೋಡುವುದು, ಆಗದಿದ್ದರೆ ಅಕ್ಕನ ಪೆಟ್ಟಿಗೆ ತೆಗೆಯುವುದು ಎಂದಾಯಿತು. ಎದ್ದು ಬರುವಾಗ ಅವರು ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ ಕೇಳಿದರು. "ಅದೇ ಪ್ರೋಗ್ರಾಮು ನ್ಯಾಮತಿಯಾಗೂ ಐತಲ್ಲ? ಇಲ್ಲಿ ನಮ್ಮೂರಾಗೂ ಐತೆ. ಇಲ್ಲೆಲ್ಲೂ ಇಂಥ ತಕರಾರು ಬಂದಿಲ್ಲ. ಜಗಳೂರಿನಾಗೇ ಯಾಕೆ?"

ಆ ಪ್ರಶ್ನೆಯೇ ನನ್ನನ್ನು ನ್ಯಾಮತಿಯ ಬಸ್ಸು ಹತ್ತಿಸಿತು.

ನ್ಯಾಮತಿಯ ಡ್ರೈಯರ್ ಒಂದು ಅಂಗಡಿಯ ಹಿತ್ತಲಲ್ಲಿದೆ. ಅಲ್ಲಿ ಡೀಸೆಲ್ ಇಲ್ಲ, ಗ್ಯಾಸ್ ಸಿಲಿಂಡರ್ ಇಟ್ಟಿದ್ದಾರೆ. ನಾನು ಒಂದು ಮೂಲೆಯಲ್ಲಿ ನಿಂತು ಸುಮ್ಮನೆ ನೋಡಿದೆ. ಯಂತ್ರ ನಡೆಸುತ್ತಿದ್ದ ಹೆಂಗಸು ಪರದೆಯ ಮೇಲೆ 'ನಿಲ್ಲಿಸು' ಒತ್ತಿದರು. ಅದೇ ಕೈಯಲ್ಲಿ, ಆ ಕಡೆ ನೋಡದೆಯೇ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡಿ ಕೋಲಿಗೆ ಕೈ ಹಾಕಿದರು.

"ರೆಗ್ಯುಲೇಟರ್ ಯಾಕೆ ಬಂದ್ ಮಾಡಿದ್ರಿ? ಅದು ತಾನೇ ಆರ್ತೈತಲ್ಲ."

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಗ್ಯಾಸ್ ಅಂದ್ರೆ ಬಂದ್ ಮಾಡ್ಬೇಕಲ್ವೇನ್ರಿ? ನಿಮ್ಮನೇಲಿ ಒಲೆ ಆರಿಸಿ ಹಂಗೇ ಬಿಡ್ತೀರಾ?"

ನಾನು ಹಿತ್ತಲ ಕಲ್ಲಿನ ಮೇಲೆ ಕೂತುಬಿಟ್ಟೆ. ಹೊನ್ನಾಳಿಯಲ್ಲೂ ಗ್ಯಾಸೇ. ಅಲ್ಲೂ ಹೀಗೇ ಇರಬೇಕು. ಹಾಗಾದರೆ ತಪ್ಪು ಮೂರೂ ಕಡೆ ಇದೆ. ಎರಡು ಕಡೆ ಅಡುಗೆಮನೆಯ ರೂಢಿ ಅದನ್ನು ಮುಚ್ಚಿಟ್ಟಿದೆ. ಜಗಳೂರಿನಲ್ಲಿ ತಿರುಗಿಸಲು ರೆಗ್ಯುಲೇಟರ್ ಇಲ್ಲ, ಇಳಿಯಲು ಕಾಲಿದೆ.

ಮನೆಗೆ ಬಂದು ಮೇಜಿನ ಮೇಲೆ ಒಂದು ಡ್ರೈಯರ್ ಕಟ್ಟಿದೆ. ಫ್ಯಾನಿಗೆ ಬದಲು ಹಸಿರು ಬಲ್ಬು, ಬರ್ನರಿಗೆ ಬದಲು ಕೆಂಪು ಬಲ್ಬು. ಸೆನ್ಸರನ್ನು ಬಿಸಿನೀರು ತುಂಬಿದ ಲೋಟದಲ್ಲಿ ಮುಳುಗಿಸಿದೆ. ಅದು ಅಕ್ಕ ಮಾಡುತ್ತಿದ್ದ ಉಪಾಯ. ಅವ್ವ ಕೇಳದೆಯೇ ನೀರು ಕಾಯಿಸಿ ತಂದಿಟ್ಟಳು. 'ನಿಲ್ಲಿಸು' ಒತ್ತಿದೆ. ಎರಡೂ ಬಲ್ಬು ಆರಿದ್ದವು. ಮತ್ತೆ ಮತ್ತೆ ಓಡಿಸಿ ಒತ್ತಿದೆ, ಪ್ರತಿ ಸಲ ಆರಿಯೇ ಇದ್ದವು. ಇಲ್ಲೂ ನನ್ನನ್ನು ನೋಡಿ ಹೆದರಿಕೊಂಡಿದೆ ಎನ್ನಿಸಿತು.

ಅಷ್ಟರಲ್ಲಿ ಕೆರೆಬಿಳಚಿಯಿಂದ ನಮ್ಮ ಸೋದರಮಾವನ ಕಡೆಯವರು ಬಂದರು. ಎದ್ದು ಹೋಗಿ ಪಡಸಾಲೆಯಲ್ಲಿ ಕೂತೆ. ಅದೇ ಮಾತುಗಳು. ಯಾವಾಗ ಜ್ವರ ಬಂತು, ಯಾವ ಆಸ್ಪತ್ರೆ, ಮೊದಲೇ ಗೊತ್ತಾಗಲಿಲ್ಲವೇ. ರಕ್ತದ ಕಾಯಿಲೆ ಎಂದು ತಿಳಿಯುವ ಹೊತ್ತಿಗೆ ತಡವಾಗಿತ್ತು ಎಂದು ನಾನು ಎಷ್ಟನೆಯ ಸಲವೋ ಹೇಳುತ್ತಿದ್ದೆ. ಒಳಗಿನಿಂದ ಅವ್ವ ಕೂಗಿದಳು.

"ಲೋ, ಆ ಕೆಂಪು ದೀಪ ಯಾಕೋ ಉರೀತೈತೆ? ನೀನು ಆರಿಸಿ ಬಂದಿಲ್ವಾ?"

ನಾನು ಓಡಿದೆ. ಹಸಿರು ಬಲ್ಬು ಆರಿತ್ತು, ಕೆಂಪು ಉರಿಯುತ್ತಿತ್ತು. ಲೋಟ ಮುಟ್ಟಿ ನೋಡಿದೆ. ನೀರು ತಣ್ಣಗಾಗಿತ್ತು.

ಅಲ್ಲಿಗೆ ಅರ್ಧ ತಿಳಿಯಿತು. ಯಂತ್ರ ಓಡುವಾಗ ಬಿಸಿ ಸಾಕಾದರೆ ಬರ್ನರ್ ತಾನೇ ಆರುತ್ತದೆ, ಇಳಿದರೆ ತಾನೇ ಹೊತ್ತಿಕೊಳ್ಳುತ್ತದೆ. ನಿಲ್ಲಿಸುವ ಹೊತ್ತಿಗೆ ತೊಟ್ಟಿ ಸಾಕಷ್ಟು ಬಿಸಿಯಾಗಿರುತ್ತದೆ, ಆದ್ದರಿಂದ ಬರ್ನರ್ ಆ ಗಳಿಗೆಯಲ್ಲಿ ಹೇಗೂ ಆರಿರುತ್ತದೆ. ನಾವು ನೋಡಿ ನಂಬುತ್ತೇವೆ. ಬಿಸಿ ಇಳಿದ ಮೇಲೆ, ಯಾರೂ ನೋಡದಿರುವಾಗ ಅದು ಮತ್ತೆ ಹೊತ್ತಿಕೊಳ್ಳುತ್ತದೆ. 'ನಿಲ್ಲಿಸು' ಎಂಬ ಮಾತು ಬರ್ನರಿಗೆ ಮುಟ್ಟುತ್ತಲೇ ಇರಲಿಲ್ಲ.

ಯಾಕೆ ಮುಟ್ಟುತ್ತಿಲ್ಲ ಎಂಬುದೇ ಉಳಿದ ಅರ್ಧ.

ಅಕ್ಕ ತನ್ನ ಕಡೆ ಮೂರು ಕ್ಲಾಸುಗಳನ್ನು ಬರೆದಿದ್ದಳು. ಕ್ಲಾಸು ಎಂದರೆ ಒಂದು ಅಚ್ಚು ಎಂದುಕೊಳ್ಳಿ. ಮೊದಲನೆಯದಕ್ಕೆ 'ಯಂತ್ರ' ಎಂದು ಹೆಸರಿಟ್ಟಿದ್ದಳು. ಓಡುತ್ತಿದೆಯೋ ನಿಂತಿದೆಯೋ ಎಂಬ ಒಂದು ಗುರುತು ಅದರಲ್ಲಿರುತ್ತದೆ. ಅದರ ಮಕ್ಕಳು 'ಗಾಳಿ' ಮತ್ತು 'ಬೆಂಕಿ'. ತಾಯಿಯ ಬಳಿ ಇರುವ ಗುರುತು ಮಕ್ಕಳಿಗೂ ಬರುತ್ತದೆ. ಗಾಳಿ ಆ ಗುರುತನ್ನು ನೋಡಿ ಫ್ಯಾನು ನಿಲ್ಲಿಸುತ್ತದೆ, ಬೆಂಕಿ ಅದೇ ಗುರುತನ್ನು ನೋಡಿ ಬರ್ನರ್ ಆರಿಸುತ್ತದೆ. ಗಾಳಿ, ಬೆಂಕಿ ಎರಡನ್ನೂ ತಾಯಿಯಾಗಿ ಉಳ್ಳ ಒಂದು ಕ್ಲಾಸು ಮಾಡಿದರೆ ಅದೇ ಡ್ರೈಯರ್. ಮೊದಲು ಅದನ್ನೂ ಅವಳೇ ತನ್ನ ಭಾಷೆಯಲ್ಲಿ ಮಾಡಿದ್ದಳು. ಜಗಳೂರಿನ ಗ್ಯಾಸ್ ಬರ್ನರ್ ತೆಗೆದು ಡೀಸೆಲ್ ಬರ್ನರ್ ಹಾಕುವುದು ಎಂದಾದಾಗ, ಬೇರೆ ಬೇರೆ ಬರ್ನರ್ ಸುಲಭವಾಗಿ ಬದಲಿಸಲು ಆಗಲಿ ಎಂದು ಈ ಜೋಡಣೆ ನನ್ನ ಕಡೆಗೆ ಬಂತು. ಆಗ ಅವಳು ಆಸ್ಪತ್ರೆಯಲ್ಲಿದ್ದಳು. ಫೋನಿನಲ್ಲಿ ಹೇಳಿದ್ದಳು, "ಗಾಳಿ, ಬೆಂಕಿ ಎರಡೂ ಸೇತುವೆ ಮೇಲೆ ಕೊಟ್ಟೀನಿ. ನಿನ್ನ ಕಡೆನೇ ಸೇರಿಸ್ಕೋ." ನಾನು ಪೈಥಾನಿನಲ್ಲಿ ಎರಡನ್ನೂ ತಾಯಿಯಾಗಿಸಿ ಡ್ರೈಯರ್ ಬರೆದೆ. ಓಡಿತು. "ಓಡ್ತು ಅಕ್ಕ" ಎಂದೆ. "ನೋಡ್ದಾ, ಅಷ್ಟೇ" ಎಂದಳು. ಕೆಲಸದ ಬಗ್ಗೆ ನಾವು ಆಡಿದ ಕೊನೆಯ ಮಾತು ಅದು. ಆ ಹೊಸ ಪ್ರೋಗ್ರಾಮನ್ನೇ ಮೂರೂ ಊರಿನ ಪೆಟ್ಟಿಗೆಗಳಿಗೆ ಹಾಕಿದ್ದೆ.

ಈಗ ಒಂದೊಂದೇ ಸಾಲು ನಿಲ್ಲಿಸಿ ನೋಡಿದೆ. ಶುರು ಮಾಡುವಾಗ ಗಾಳಿಗೂ ಬೆಂಕಿಗೂ ಬೇರೆ ಬೇರೆ ಹೇಳಿದ್ದೆ, ನಿಲ್ಲಿಸಲು ಮಾತ್ರ ಒಂದೇ ಮಾತು. 'ನಿಲ್ಲು' ಎಂದು ನಾನು ಕರೆದರೆ ಪೈಥಾನ್ ಎಡಗಡೆ ಹೆಸರಿಸಿದ ತಾಯಿಯಿಂದ ಹುಡುಕುತ್ತದೆ. ಮೊದಲು ಸಿಗುವುದು ಗಾಳಿಯ 'ನಿಲ್ಲು'. ಅದು ಹೋಗಿ 'ಯಂತ್ರ'ದ ಗುರುತನ್ನು 'ನಿಂತಿದೆ' ಎಂದು ಬದಲಿಸುತ್ತದೆ. ಇಲ್ಲಿಯ ತನಕ ಸರಿ. ಗುರುತು ಒಂದೇ ಆದ್ದರಿಂದ ಬೆಂಕಿಗೂ ಅದು ಕಾಣಬೇಕು. ಆದರೆ ಬೆಂಕಿಯ ಕಡೆಯಿಂದ ಕೇಳಿದರೆ 'ಓಡುತ್ತಿದೆ' ಎಂದೇ ಬರುತ್ತಿತ್ತು.

ಗುರುತು ಕಂಪ್ಯೂಟರಿನ ನೆನಪಿನಲ್ಲಿ ಎಲ್ಲಿ ಕೂತಿದೆ ಎಂಬ ವಿಳಾಸವನ್ನು ಎರಡೂ ಕಡೆಯಿಂದ ಕೇಳಿ ಪರದೆಯ ಮೇಲೆ ಬರೆಸಿದೆ. ಎರಡು ಬೇರೆ ಬೇರೆ ವಿಳಾಸ ಬಂದವು.

ಒಂದೇ ಇರಬೇಕಾದ ಯಂತ್ರ ಎರಡಾಗಿತ್ತು. ಅಕ್ಕನ ಭಾಷೆಯಲ್ಲಿ ಎರಡು ಮಕ್ಕಳಿಗೂ ತಾಯಿ ಒಬ್ಬಳೇ ಇರಬೇಕೆಂದು ಹೇಳಲು 'ವರ್ಚುವಲ್' ಎಂಬ ಪದ ಬರೆಯಬೇಕು. ಅವಳು ಮರೆಯದೆ ಬರೆದಿದ್ದಳು. ಆದರೆ ಜೋಡಣೆ ನನ್ನ ಕಡೆ ಆದಾಗ ಸೇತುವೆ ಆ ಮಾತನ್ನು ದಾಟಿಸಲಿಲ್ಲ. ಅದು ಗಾಳಿಗೆಂದು ಆ ಕಡೆ ಒಂದು ಪೂರ್ತಿ ಯಂತ್ರ ಕಟ್ಟಿತು, ಬೆಂಕಿಗೆಂದು ಇನ್ನೊಂದು ಕಟ್ಟಿತು. ಎರಡಕ್ಕೂ ನನ್ನ ಕಡೆ ಒಂದೇ ಹೆಸರು ಅಂಟಿಸಿತು. ಒಂದು ನಿಂತ ವಿಷಯ ಇನ್ನೊಂದಕ್ಕೆ ಗೊತ್ತೇ ಆಗುತ್ತಿರಲಿಲ್ಲ.

ಅಕ್ಕನಿಗೆ ಇದು ಗೊತ್ತಿತ್ತೇ? ಗೊತ್ತಿದ್ದರೆ ನನ್ನ ಕಡೆ ಸೇರಿಸು ಎನ್ನುತ್ತಿರಲಿಲ್ಲ. ಚೆನ್ನಾಗಿದ್ದಿದ್ದರೆ ಅವಳಿಗೆ ಹೊಳೆಯುತ್ತಿತ್ತೋ ಏನೋ. ಕೇಳೋಣ ಎಂದು ಫೋನ್ ತೆಗೆದೆ. ಕೈ ತನ್ನ ಪಾಡಿಗೆ ಅವಳ ನಂಬರು ಒತ್ತಿಬಿಟ್ಟಿತ್ತು. ಒಳಕೋಣೆಯ ಬೀರುವಿನೊಳಗೆ ಫೋನ್ ರಿಂಗಾಯಿತು. ಅವ್ವ ಅದನ್ನು ಚಾರ್ಜು ಮಾಡಿ ಇಡುತ್ತಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಾನು ಕಟ್ ಮಾಡಿದೆ. ಸ್ವಲ್ಪ ಹೊತ್ತಾದ ಮೇಲೆ ಪಾತ್ರೆಯ ಸದ್ದು ಮತ್ತೆ ಕೇಳಿಸಿತು.

ದಾರಿ ಒಂದೇ ಇತ್ತು. ಜೋಡಣೆಯನ್ನು ಅಕ್ಕನ ಕಡೆಗೇ ವಾಪಸು ಒಯ್ಯಬೇಕು. ಅವಳ ಫೈಲು ತೆರೆದು, ಅವಳ ಭಾಷೆಯಲ್ಲಿ, ನಾನು ಬರೆಯಬೇಕು.

ಅವಳ ಲ್ಯಾಪ್‌ಟಾಪ್ ಕಿಟಕಿಯ ಪಕ್ಕದ ಮೇಜಿನ ಮೇಲೆ ಮುಚ್ಚಿಯೇ ಇತ್ತು. ಅವ್ವ ಅದರ ಮೇಲೆ ಒಂದು ಟವೆಲ್ ಹೊದಿಸಿದ್ದಳು. ತೆಗೆದು ಕೂತೆ. ಅವಳ ಕೀಬೋರ್ಡಿನಲ್ಲಿ ಸೆಮಿಕೋಲನ್ನಿನ ಕೀ ಸವೆದು ನುಣ್ಣಗಾಗಿತ್ತು. ಅವಳ ಭಾಷೆಯಲ್ಲಿ ಸಾಲು ಮುಗಿದರೆ ಅದನ್ನು ಹಾಕಲೇಬೇಕು, ನನ್ನದರಲ್ಲಿ ಬೇಕಿಲ್ಲ. ನಾನು ಬರೆದ ಪ್ರತಿ ಸಾಲಿನ ಕೊನೆಗೂ ಅದನ್ನು ಮರೆತೆ. ಬರೆದದ್ದನ್ನು ತಪ್ಪಿಲ್ಲವೇ ಎಂದು ನೋಡಿ ಓಡುವಂತೆ ಮಾಡುವ ಕಂಪೈಲರ್ ಪ್ರತಿ ಸಾಲಿಗೂ ಬೈಯಿತು. "ಅಷ್ಟೂ ಗೊತ್ತಾಗಲ್ವೇನೋ ನಿಂಗೆ" ಎಂದು ಒಳಕೋಣೆಯಿಂದ ಕೂಗಿದಂತೆಯೇ ಇತ್ತು.

ಸೆಮಿಕೋಲನ್ನುಗಳನ್ನೆಲ್ಲ ಹಾಕಿದ ಮೇಲೆ ಇನ್ನೊಂದು ದೂರು ಬಂತು. 'ನಿಲ್ಲು' ಎಂದರೆ ಯಾವ 'ನಿಲ್ಲು', ಗಾಳಿಯದೋ ಬೆಂಕಿಯದೋ, ಸ್ಪಷ್ಟವಿಲ್ಲ ಎಂದು ಕಂಪೈಲರ್ ಹಟ ಹಿಡಿಯಿತು. ನನ್ನ ಭಾಷೆ ಇದನ್ನು ಯಾವತ್ತೂ ಕೇಳಿರಲಿಲ್ಲ. ಮೊದಲು ಸಿಕ್ಕಿದ್ದನ್ನು ಸುಮ್ಮನೆ ಎತ್ತಿಕೊಂಡು ಹೋಗಿತ್ತು. ಇದು ಉತ್ತರ ಹೇಳದೆ ಮುಂದೆ ಬಿಡುವುದಿಲ್ಲ. ಹೇಳಿದೆ. ಮೊದಲು ಬೆಂಕಿ ನಿಲ್ಲಬೇಕು, ಗಾಳಿ ಸ್ವಲ್ಪ ಹೊತ್ತು ಓಡಿ ತಗಡನ್ನು ತಣ್ಣಗೆ ಮಾಡಿ ಆಮೇಲೆ ನಿಲ್ಲಬೇಕು.

ಅಲ್ಲಿಗೂ ಮುಗಿಯಲಿಲ್ಲ. ಹೊಸ ಡ್ರೈಯರನ್ನು ಸೇತುವೆಯ ಮೇಲೆ ತಂದಾಗ ಪರದೆಯಲ್ಲಿ ಲೋಟದ ನೀರಿನ ಬಿಸಿ ಹುಚ್ಚುಹುಚ್ಚಾಗಿ ಬಂತು. ಕುದಿಯುವ ನೀರಿಗೂ ಇಲ್ಲದಷ್ಟು ಒಂದು ಸಲ, ಸೊನ್ನೆಗಿಂತ ಕೆಳಗೆ ಇನ್ನೊಂದು ಸಲ. ಯಜಮಾನರು ಕೊಟ್ಟ ವಾರ ಮುಗಿಯುತ್ತ ಬಂದಿತ್ತು. ಎಲ್ಲ ಕೆಡಿಸಿಬಿಟ್ಟೆ ಎಂದುಕೊಂಡೆ. ಊಟಕ್ಕೆ ಕರೆದರೂ ಹೋಗಲಿಲ್ಲ. ಕೊನೆಗೆ ಅವಳ ಹಳೆಯ ಸೇತುವೆಯ ಸಾಲನ್ನೂ ನನ್ನದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅವಳು ಡ್ರೈಯರಿಗೆ ಎರಡು ತಾಯಿ ಇರುವುದನ್ನು ಸೇತುವೆಗೂ ಬೇರೆಯಾಗಿ ಹೇಳುತ್ತಿದ್ದಳು. ನಾನು ಗಾಳಿಯನ್ನು ಮಾತ್ರ ಹೇಳಿದ್ದೆ. ಬೆಂಕಿಯನ್ನು ಕೇಳಿದಾಗಲೆಲ್ಲ ಸೇತುವೆ ಗಾಳಿ ಇರುವ ಜಾಗಕ್ಕೆ ಹೋಗಿ, ಅಲ್ಲಿದ್ದದ್ದನ್ನೇ ಬಿಸಿ ಎಂದು ಓದಿಕೊಂಡು ಬರುತ್ತಿತ್ತು. 'ಬೆಂಕಿ' ಎಂದು ಒಂದು ಪದ ಸೇರಿಸಿದೆ. ಬಿಸಿ ಸರಿಯಾಗಿ ಬಂತು. ಎರಡೂ ಕಡೆಯಿಂದ ಗುರುತಿನ ವಿಳಾಸ ಕೇಳಿದೆ. ಒಂದೇ ಬಂತು.

"ಅವ್ವಾ, ಬಿಸಿನೀರು."

ಅವ್ವ ತಂದಿಟ್ಟು ಈ ಸಲ ಹೋಗಲಿಲ್ಲ, ಅಕ್ಕನ ಕುರ್ಚಿಯ ಹಿಡಿ ಹಿಡಿದು ನಿಂತಳು. 'ನಿಲ್ಲಿಸು' ಒತ್ತಿದೆ. ಕೆಂಪು ಆರಿಯೇ ಇತ್ತು, ಸ್ವಲ್ಪ ಹೊತ್ತಿನ ಮೇಲೆ ಹಸಿರೂ ಆರಿತು. ಇಬ್ಬರೂ ಲೋಟ ತಣ್ಣಗಾಗುವುದನ್ನು ಕಾಯುತ್ತ ಕೂತೆವು. ಮನೆಯಲ್ಲಿ ಹೊರಗಿನವರು ಯಾರೂ ಇರಲಿಲ್ಲ. ನೀರು ತಣ್ಣಗಾಯಿತು. ಕೆಂಪು ಬಲ್ಬು ಹೊತ್ತಲಿಲ್ಲ. ಅವ್ವ ಬೆರಳದ್ದಿ ನೋಡಿ, "ತಣ್ಣಗೈತೆ" ಎಂದಳು. ಸುಮ್ಮನೆ ಇನ್ನೊಂದು ಸಲ ಅದ್ದಿದಳು.

ಆದರೂ ನನಗೆ ಧೈರ್ಯ ಬರಲಿಲ್ಲ. ಲೋಟ ಲೋಟವೇ, ತೊಟ್ಟಿ ತೊಟ್ಟಿಯೇ. ಜಗಳೂರಿಗೆ ಹೋದೆ. ಯಜಮಾನರೂ ಹೊನ್ನಾಳಿಯಿಂದ ಬಂದಿದ್ದರು, ರೆಡಿಮೇಡ್ ಪೆಟ್ಟಿಗೆಯೊಂದನ್ನು ಜೀಪಿನ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡೇ. ಅದನ್ನು ಅವರು ಮುಚ್ಚಿಡಲಿಲ್ಲ. "ತಪ್ಪು ತಿಳ್ಕಬ್ಯಾಡ, ಇರ್ಲಿ ಅಂತ ತಂದೆ" ಎಂದರು.

ಹೊಸ ಪ್ರೋಗ್ರಾಮು ಹಾಕಿದೆ. ಟ್ಯಾಂಕಿನ ಹಿಂದಿನ ಕೈಸ್ವಿಚ್ಚನ್ನು ಬೇಕೆಂದೇ ಆನ್ ಮಾಡಿಟ್ಟೆ. ತೊಟ್ಟಿ ತುಂಬ ಜೋಳ ಹಾಕಿ ಓಡಿಸಿದೆವು. ಚೆನ್ನಾಗಿ ಕಾದ ಮೇಲೆ 'ನಿಲ್ಲಿಸು' ಒತ್ತಿದೆ. ಬರ್ನರ್ ಆರಿತ್ತು. ಫ್ಯಾನು ಓಡುತ್ತಲೇ ಇತ್ತು.

"ಇದೇನು, ಫ್ಯಾನು ನಿಲ್ತಾ ಇಲ್ವಲ್ಲ?" ಎಂದು ಯಜಮಾನರು ಗಾಬರಿಯಾದರು.

"ತಗಡು ತಣ್ಣಗಾಗೋ ತನಕ ಓಡ್ತೈತೆ ಅಣ್ಣಾ. ಫ್ಯಾನು ನಿಂತ್ರೆ ಇವರು ಒಳಗೆ ಇಳೀತಾರೆ. ಅದಕ್ಕೇ ಅದು ಕೊನೆಗೆ ನಿಲ್ಬೇಕು."

ಫ್ಯಾನು ನಿಂತಿತು. ಹೆಂಗಸರು ಎಂದಿನಂತೆ ಸೀರೆ ಸಿಕ್ಕಿಸತೊಡಗಿದರು. ನಾನು ಕೈ ಅಡ್ಡ ಹಿಡಿದೆ. ಚಪ್ಪಲಿ ಬಿಟ್ಟು, ಪ್ಯಾಂಟು ಮೊಣಕಾಲಿಗೆ ಮಡಚಿ, ನಾನೇ ಇಳಿದೆ.

ಜೋಳ ಬೆಚ್ಚಗಿತ್ತು. ಕಾಲು ಅದರಲ್ಲಿ ಹೂತು ತಗಡಿಗೆ ತಾಗಿತು. ತಗಡೂ ಬೆಚ್ಚಗಿತ್ತು, ಅಷ್ಟೆ. ಆದರೆ ಅದು ಲೆಕ್ಕಕ್ಕಿಲ್ಲ, ಇನ್ನು ಬಿಸಿ ಇಳಿದಾಗಲೇ ಅಸಲು ಪರೀಕ್ಷೆ. ನಾನು ನಿಂತೇ ಇದ್ದೆ. ಅಂಗಾಲಿನಲ್ಲೇ ಏನನ್ನೋ ಕೇಳಿಸಿಕೊಳ್ಳುತ್ತಿರುವವನಂತೆ. ಒಂದು ಸಲ ಬಿಸಿ ಏರಿದಂತಾಗಿ ಹಾರಿಬಿಡುವವನಿದ್ದೆ. ಏನೂ ಆಗಿರಲಿಲ್ಲ, ನಾನು ನಿಂತ ಜಾಗ ಬದಲಿಸಿದ್ದೆ, ಅಷ್ಟೇ.

"ಹಂಗೆ ಕಂಬದಂಗೆ ನಿಂತ್ರೆ ಜೋಳ ತಿರುಗ್ತೈತಾ? ಕಾಲು ಎಳ್ಕಂಡು ನಡಿ" ಎಂದರು ಆ ಹೆಂಗಸು ಹೊರಗಿನಿಂದ. "ನಿಮ್ಮಕ್ಕ ಎಷ್ಟು ಚೆಂದ ಸಾಲು ಬಿಟ್ಟಿದ್ಲು ಗೊತ್ತಾ?"

ನಾನು ಕಾಲು ಎಳೆದು ನಡೆದೆ. ನನ್ನ ಸಾಲು ವಕ್ರವಾಗಿ ಹೋಯಿತು. ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಕ್ಕರು. ಯಜಮಾನರು ಕಿಂಡಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಒಳಗೆ ನೋಡುತ್ತಲೇ ಇದ್ದರು. ನಾನು ಆ ತುದಿಗೆ ಹೋಗಿ ಈ ತುದಿಗೆ ಬಂದೆ, ಮತ್ತೆ ಹೋದೆ. ಜೋಳ ಮೇಲಿನಿಂದ ತಣಿಯುತ್ತ ಬಂತು. ಆಮೇಲೆ ಬೆರಳ ಸಂದಿಯ ಜೋಳವೂ ತಣಿಯಿತು. ಕೊನೆಗೆ ತಗಡು.

"ಹೊತ್ಕಂಡಿಲ್ಲ ಕಣಪ್ಪ" ಎಂದರು ಯಜಮಾನರು ಕಿಂಡಿಯಿಂದ ತಲೆ ಎತ್ತದೆ. "ಕತ್ತಲೇ ಐತೆ."

"ಇನ್ನೊಂದು ಸ್ವಲ್ಪ ನೋಡ್ರಿ" ಎಂದೆ.

"ಬಾರಪ್ಪ ಆಚೆಗೆ, ಆರೈತೆ" ಎಂದರು ಆ ಹೆಂಗಸು. ಅವರೂ ತೊಟ್ಟಿಯ ಅಂಚು ಹಿಡಿದು ಒಳಗೆ ಇಳಿದರು. ಈ ಸಲ ನಾನು ತಡೆಯಲಿಲ್ಲ. ನನ್ನ ವಕ್ರ ಸಾಲಿನ ಮೇಲೆಯೇ ಕಾಲೆಳೆದು ಅದನ್ನು ನೆಟ್ಟಗೆ ಮಾಡುತ್ತ ಮುಂದೆ ನಡೆದರು. ನಾನು ಅವರ ಪಾದಗಳನ್ನೇ ನೋಡುತ್ತಿದ್ದೆ. ಅವು ಅವಸರಪಡಲಿಲ್ಲ, ಎಲ್ಲೂ ಬೆಚ್ಚಿ ಮೇಲೇಳಲಿಲ್ಲ.

ನಾಳೆ ಹೊನ್ನಾಳಿ, ನ್ಯಾಮತಿಯ ಪೆಟ್ಟಿಗೆಗಳಿಗೂ ಇದನ್ನೇ ಹಾಕಬೇಕು. ಅಲ್ಲಿ ರೆಗ್ಯುಲೇಟರ್ ಬಂದ್ ಮಾಡುವುದನ್ನು ಬಿಡಬೇಡಿ ಎಂದೂ ಹೇಳಬೇಕು.

"ಅಕ್ಕಾ, ಕೆಳಗೆ ಹೆಂಗೈತೆ?" ಎಂದು ಕೇಳಿದೆ.

"ತಣ್ಣಗೈತೆ" ಎಂದರು ಅವರು, ತಿರುಗಿ ನೋಡದೆ.